ಬೀರುವಿನ ಹಿಂದಿದ್ದ ಕಿಟಕಿ

ಅಧಿಕಾರಿ ಬರುತ್ತಾರೆ ಎಂದು ಫೋನು ಬಂದರೆ ಮಂಚ ಎತ್ತಿಸುವುದು ನನ್ನ ಕೆಲಸವಾಗಿತ್ತು. ಓನರು ನನ್ನನ್ನು ಇಟ್ಟುಕೊಂಡದ್ದು ಅಡುಗೆಗೆ, ಗುಡಿಸಿ ಒರೆಸುವುದಕ್ಕೆ. ಮಂಚದ ಕೆಲಸ ಆಮೇಲೆ ತಾನಾಗಿ ಬಂದು ಸೇರಿಕೊಂಡಿತು. ಹೊಸಹಳ್ಳಿ ಮೆಟ್ರೋ ಇಳಿದು ಎರಡು ತಿರುವು ಹೋದರೆ ಸಿಗುವ ಹೆಣ್ಣುಮಕ್ಕಳ ಪಿ.ಜಿ. ಅದು. ಕೆಳಗೆ ಅಡುಗೆಮನೆ, ಮೇಲೆ ಮೂರು ಮಹಡಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನಾನು.

ನಾನು ಹೇಳಹೊರಟಿರುವುದು ಮೊದಲ ಮಹಡಿಯ ಹಾಲ್‌ನ ವಿಷಯ. ಅಲ್ಲಿ ಮೊದಲು ಐದು ಮಂಚ ಇದ್ದವು. ಬಲಗಡೆ ಗೋಡೆಗೆ ಮೂರು, ಎಡಗಡೆ ಎರಡು. ಎಡಗಡೆಯೇ ಬಾಗಿಲ ಪಕ್ಕ ಒಂದು ದೊಡ್ಡ ಕಬ್ಬಿಣದ ಬೀರು. ಬಾಗಿಲಿಗೆ ಎದುರು, ಹಿಂದಿನ ಗೋಡೆಯಲ್ಲಿ, ಕಿಟಕಿ. ಒಂದು ದಿನ ಓನರು ಬಾಗಿಲಲ್ಲಿ ನಿಂತು, "ಅಜ್ಜಿ, ಇಲ್ಲಿ ಏಳು ಹಿಡಿಸುತ್ತಾ ನೋಡಿ" ಎಂದರು.

ನಾನು ಮೊಳ ಹಾಕಿದೆ, ಗೇಣು ಹಾಕಿದೆ. ಅರ್ಧ ಗಂಟೆಯಲ್ಲಿ, "ಹಿಡಿಸುತ್ತೆ ಕಣಪ್ಪ" ಎಂದೆ. ಬೀರುವನ್ನು ಹಿಂದಿನ ಗೋಡೆಗೆ ತಳ್ಳಿಸಿದೆ. ಬೀರು ಇದ್ದ ಜಾಗಕ್ಕೆ ಆರನೆಯ ಮಂಚ ಬಂತು. ಬೀರುವಿನ ಮುಂದೆ ಅಡ್ಡಲಾಗಿ ಏಳನೆಯದು. ಬೀರುವಿನ ಬಾಗಿಲು ತೆಗೆಯಬೇಕಾದರೆ ಆ ಮಂಚದ ಮೇಲೆ ಹತ್ತಿ ಕೂರಬೇಕು, ಅದೊಂದು ತಾಪತ್ರಯ. ಕಿಟಕಿ ಬೀರುವಿನ ಹಿಂದೆ ಹೋಯಿತು. ಟ್ಯೂಬ್‌ಲೈಟು ಇದೆಯಲ್ಲ, ಫ್ಯಾನು ಇದೆಯಲ್ಲ ಎಂದುಕೊಂಡೆ. ಓನರು, "ಇಂಜಿನಿಯರ್ ಆಗಬೇಕಿತ್ತು ಅಜ್ಜಿ ನೀವು" ಎಂದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಜನರನ್ನು ಹಿಡಿಸುವುದು ನನಗೆ ಹೊಸದಲ್ಲ. ನಾನು ಬಾಳ್ವೆ ಮಾಡಿದ್ದು ಮಾಗಡಿ ರಸ್ತೆಯ ಒಂದು ವಠಾರದಲ್ಲಿ, ಒಂದು ಕೋಣೆಯಲ್ಲಿ ಹನ್ನೊಂದು ಜನ. ನಮ್ಮತ್ತೆ ಒಂದು ಮಾತು ಹೇಳುತ್ತಿದ್ದರು. ಬಿಳಿಯರ ಕಾಲದಲ್ಲಿ ಪ್ಲೇಗು ಬಂದಾಗ ಮನೆಗೆಷ್ಟು ತಲೆ ಎಂದು ಎಣಿಸಲು ಇನ್‌ಸ್ಪೆಕ್ಟರು ಬಂದರೆ, ಅವರ ಅಜ್ಜಿ ಅರ್ಧ ಸಂಸಾರವನ್ನು ಹಿತ್ತಿಲ ಗೋಡೆ ಹಾರಿಸುತ್ತಿದ್ದಳಂತೆ. ತಲೆ ಎಣಿಸುವವರು ಬಂದರೆ ತಲೆ ಅಡಗಿಸಬೇಕು ಎನ್ನುವುದು ನಮ್ಮ ಕಡೆ ಉಪ್ಪಿನಕಾಯಿ ಹಾಕುವುದನ್ನು ಕಲಿತ ಹಾಗೆ ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ.

ಏಳನೆಯ ಮಂಚಕ್ಕೆ ಬಂದವಳು ಗದಗದ ಕಡೆಯ ಹುಡುಗಿ. ಪಾರ್ಸೆಲ್ ಗೋಡೌನಿನಲ್ಲಿ ಡಬ್ಬ ಕಟ್ಟುವ ಕೆಲಸ. ಬಂದಾಗ ಚೆನ್ನಾಗಿಯೇ ಇದ್ದಳು, ಮೂರು ಮುದ್ದೆ ಉಣ್ಣುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಹಿಡಿಯಿತು. ಪಕ್ಕದ ಮಂಚದವಳು ಮದ್ದೂರು ಕಡೆಯವಳು, ವಿಜಯನಗರದ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲು ಹಾಕುವವಳು, ಬಾಯಿ ಜೋರು.

"ಏನೇ ಗದಗು, ಬೆಳಗ್ಗೆ ಬೆಳಗ್ಗೆ ಆಟೋ ಸ್ಟಾರ್ಟ್ ಮಾಡ್ತೀಯ. ಅಲಾರಾಂ ಇಡೋದೇ ಬೇಡ ನಮಗೆ" ಎನ್ನುತ್ತಿದ್ದಳು.

"ಧೂಳಿನ ಕೆಮ್ಮು ಐತೇಳವಾ. ರಟ್ಟಿನ ಡಬ್ಬಿ ಧೂಳು" ಎನ್ನುತ್ತಿದ್ದಳು ಇವಳು.

ಮೂರು ವಾರವಾದರೂ ಹೋಗಲಿಲ್ಲ. ಮೂರು ಮುದ್ದೆ ಒಂದಾಯಿತು. ರವಿಕೆ ಸಡಿಲವಾದುದನ್ನು ಹೆಂಗಸರ ಕಣ್ಣಿನಿಂದ ಮರೆಮಾಚಲು ಆಗುವುದಿಲ್ಲ. ನಾನು ಅವಳನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಚೀಟಿ ಬರೆಯುತ್ತಾ ಬರೆಯುತ್ತಾ ಕೇಳಿದಳು. ಎಷ್ಟು ದಿನದಿಂದ ಕೆಮ್ಮು, ಸಂಜೆ ಜ್ವರ ಬರುತ್ತಾ, ಮಲಗುವ ಕೋಣೆಗೆ ಕಿಟಕಿ ಇದೆಯಾ.

"ಕಿಡಕಿ ಇಲ್ರಿ" ಎಂದಳು ಹುಡುಗಿ.

ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳು ಬರುವ ಮೊದಲೇ ಬೀರು ಅಲ್ಲಿ ನಿಂತಿತ್ತು, ಅದರ ಹಿಂದೆ ಏನಿದೆ ಎಂದು ಅವಳಿಗೆ ಯಾರು ಹೇಳಬೇಕು? ನಾನು ಬಾಯಿ ಬಿಡಲಿಲ್ಲ. ಡಾಕ್ಟರಮ್ಮ 'ಇಲ್ಲ' ಎಂದು ಬರೆದುಕೊಂಡಳು. ಕಫ ಕೊಡಲು ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮಾರನೆಯ ದಿನ ಕೊಟ್ಟು ಬಂದಳು.

ರಿಪೋರ್ಟು ಬರುವ ಮೊದಲೇ ಅಳತೆಯ ಅಧಿಕಾರಿ ಬರುತ್ತಾರೆ ಎಂದು ಓನರಿಗೆ ಫೋನು ಬಂತು. ಪಿ.ಜಿ.ಗಳಿಗೆಲ್ಲ ಹೊಸ ನಿಯಮ ಬಂದಿತ್ತು, ಒಬ್ಬರಿಗೆ ಇಷ್ಟು ಜಾಗ ಇರಲೇಬೇಕು ಎಂದು. ಹಾಲ್‌ನ ರಿಜಿಸ್ಟರಿನಲ್ಲಿ ಮೂರೇ ಹೆಸರು ಇದ್ದವು. ಮಂಚವೂ ಮೂರೇ ಕಾಣಬೇಕು.

ಇದಕ್ಕೊಂದು ಕ್ರಮ ಇದೆ. ಮೊದಲು ಹಾಸಿಗೆ ಸುತ್ತಿ ಹಗ್ಗ ಕಟ್ಟಬೇಕು, ಇಲ್ಲದಿದ್ದರೆ ಮೆಟ್ಟಿಲ ತಿರುವಿನಲ್ಲಿ ಬಿಚ್ಚಿಕೊಳ್ಳುತ್ತದೆ. ಮಂಚದ ಕಾಲು ಒಳಗೆ ಮಡಿಸಿ, ನಿಲ್ಲಿಸಿ ಒಯ್ಯಬೇಕು, ಮಲಗಿಸಿ ಅಲ್ಲ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದರ ಮೇಲೊಂದು ಒರಗಿಸಿ, ಮೇಲೆ ಒದ್ದೆ ಸೀರೆ ಹರವಿಬಿಡಬೇಕು. ಒಣಹಾಕಿದ ಸೀರೆಯನ್ನು ಯಾವ ಗಂಡಸು ಅಧಿಕಾರಿಯೂ ಎತ್ತಿ ನೋಡುವುದಿಲ್ಲ. ಆಮೇಲೆ ಗೋಡೆಯ ಮೇಲಿನ ನಂಬರ್ ಚೀಟಿ ಕೀಳಬೇಕು, ಬಾತ್‌ರೂಮಿನಿಂದ ನಾಲ್ಕು ಬಕೆಟ್ ತೆಗೆಯಬೇಕು, ಬಾಗಿಲ ಮುಂದಿನ ಚಪ್ಪಲಿ ಮರೆಯಬಾರದು. ಬೀರುವನ್ನು ಹಳೆಯ ಜಾಗಕ್ಕೆ ತರಬೇಕು. ಕಿಟಕಿ ಇಲ್ಲದಿದ್ದರೆ ಒಪ್ಪುವುದಿಲ್ಲ ಎಂದು ಓನರು ಹೇಳಿದ್ದರು.

ಹುಡುಗಿಯರೇ ಸೇರಿ ಬೀರು ತಳ್ಳಿದರು. ಕಿರ್ರೆಂದು ಸರಿಯಿತು. ಹಿಂದೆ ಜೇಡನ ಬಲೆ, ಅದರ ಹಿಂದೆ ಕಿಟಕಿ. ನಾನು ಚಿಲಕ ಎಳೆದೆ. ಬಿಸಿಲು ಹಾಲ್‌ನ ನಡುವಿನವರೆಗೆ ಬಂತು.

"ಯವ್ವಾ, ಕಿಡಕಿ ಐತಿ!" ಎಂದಳು ಗದಗದವಳು.

"ಬಾಡಿಗೆ ಕೊಟ್ಟು ಇಷ್ಟು ದಿನ ಆಯ್ತು, ಈಗ ಕಣ್ಣಿಗೆ ಬಿತ್ತು ನೋಡು" ಎಂದು ಬಿಲ್ಲಿನ ಹುಡುಗಿ ನಕ್ಕಳು. ಎಲ್ಲರೂ ನಕ್ಕರು. ಗದಗದವಳು ನಗಲಿಲ್ಲ, ನನ್ನ ಮುಖ ನೋಡಿದಳು. ನಾನು ಪೊರಕೆ ತೆಗೆದುಕೊಂಡು ಬಲೆ ಹೊಡೆದೆ.

ರಿಜಿಸ್ಟರಿನಲ್ಲಿ ಹೆಸರಿಲ್ಲದ ನಾಲ್ವರನ್ನು ಪಾರ್ಕಿಗೆ ಕಳಿಸಿದೆ. ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಕೈಯಲ್ಲಿ ಒಂದು ಚಿಕ್ಕ ಯಂತ್ರ, ಗೋಡೆಯ ಮೇಲೆ ಕೆಂಪು ಚುಕ್ಕೆ ಬಿಡುತ್ತಿತ್ತು. ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ ಎಂದರು. "ಮೂವರಿಗೆ ಸರಿಯಾಗಿದೆ" ಎಂದರು.

"ಒಬ್ಬರಿಗೆ ಎಷ್ಟು ಸ್ವಾಮಿ?" ಎಂದು ಕೇಳಿದೆ.

"ಎಪ್ಪತ್ತು ಚದರಡಿ ಅಜ್ಜಿ."

"ನನಗೆ ಚದರಡಿ ತಿಳಿಯಲ್ಲ."

ಅವರು ಸಿಟ್ಟಾಗಲಿಲ್ಲ. ಗೋಡೆಯಿಂದ ಗೋಡೆಗೆ ಕೈ ಬೀಸಿ ತೋರಿಸಿದರು. "ಈ ಹಾಲ್‌ನ ಉದ್ದಕ್ಕೂ ಒಂದು ಪಟ್ಟಿ ಅಂದ್ಕೊಳ್ಳಿ, ನಾಲ್ಕಡಿ ಅಗಲದ್ದು. ಹೆಚ್ಚು ಕಮ್ಮಿ ಅಷ್ಟು, ಒಬ್ಬರಿಗೆ."

ಅವರು ಸಹಿ ಹಾಕಿ ಹೋದರು. ಓನರು ಅವರನ್ನು ಗೇಟಿನವರೆಗೆ ಬಿಟ್ಟುಬರಲು ಹೋದರು. ನಾನು ಟೆರೇಸಿಗೆ ಹೋಗಿ ಮಂಚದ ಮೇಲಿನ ಸೀರೆಗಳನ್ನು ತೆಗೆದೆ. ಒಣಗಿದ್ದವು. ಅವನ್ನು ಹಿಡಿದುಕೊಂಡು ಕೆಳಗೆ ಬಂದೆ. ಯಾಕೆ ಹಾಗೆ ಮಾಡಿದೆನೋ, ಹಾಲ್‌ನ ನೆಲದ ಮೇಲೆ ಒಂದನ್ನು ಉದ್ದಕ್ಕೆ ಹಾಸಿದೆ. ಆ ಗೋಡೆಯಿಂದ ಈ ಗೋಡೆಗೆ ಸರಿಯಾಗಿ ಮುಟ್ಟಿತು. ಅಗಲ ಸುಮಾರು ನಾಲ್ಕಡಿ. ಅಲ್ಲಿಗೆ ಅವರು ಹೇಳಿದ ಪಟ್ಟಿ ಎಂದರೆ ಒಂದು ಸೀರೆ. ಮಂಚ ಸರಿಸಿ ಪಕ್ಕಕ್ಕೆ ಇನ್ನೊಂದು ಹಾಸಿದೆ, ಮತ್ತೊಂದು ಹಾಸಿದೆ. ಮೂರು ಸೀರೆಗೆ ನೆಲ ಮುಗಿಯಿತು.

ಸರ್ಕಾರ ಒಬ್ಬ ಹೆಣ್ಣುಮಗಳಿಗೆ ಒಂದು ಸೀರೆಯಷ್ಟು ನೆಲ ಇಟ್ಟಿತ್ತು. ನಾನು ಮೂರು ಸೀರೆಯಲ್ಲಿ ಏಳು ಜನರನ್ನು ಸುತ್ತಿಟ್ಟಿದ್ದೆ.

ಇದು ಅರ್ಥವಾದ ಮೇಲೆ ಏನಾದರೂ ಮಾಡಿದೆ ಎಂದು ಓದುವವರು ಅಂದುಕೊಂಡರೆ ತಪ್ಪು. ಸೀರೆ ಮಡಿಸಿದೆ. ಪಾರ್ಕಿನಿಂದ ನಾಲ್ವರೂ ಬಂದರು, ಮಂಚ ಇಳಿಸಿದೆವು. ಬೀರು ತಳ್ಳಲು ಎಲ್ಲರೂ ಕೈ ಹಾಕಿದಾಗ ಗದಗದವಳು ಹಿಂದೆ ನಿಂತಳು.

"ಅಜ್ಜಿ, ಬೀರು ಅಲ್ಲೇ ಇರ್ಲಿ ಬಿಡ್ರಿ. ಛಲೋ ಗಾಳಿ ಬರಾಕತ್ತೈತಿ."

"ಬೀರು ಇಲ್ಲೇ ಇದ್ರೆ ಒಂದು ಮಂಚಕ್ಕೆ ಜಾಗ ಇಲ್ಲ ಕಣೇ" ಎಂದೆ. "ಕೊನೆಗೆ ಬಂದವಳು ನೀನು. ಯಾರ ಮಂಚ ಹೋಗುತ್ತೆ ಹೇಳು?"

ಬಂದು ಅವಳೇ ಬೀರುವಿಗೆ ಕೈ ಹಾಕಿದಳು.

ನಾಲ್ಕು ದಿನಕ್ಕೆ ರಿಪೋರ್ಟು ಬಂತು. ಕ್ಷಯ. ಆರು ತಿಂಗಳು ಮಾತ್ರೆ, ಬಿಡದೆ ನುಂಗಿದರೆ ವಾಸಿಯಾಗುತ್ತದೆ ಎಂದಳು ಡಾಕ್ಟರಮ್ಮ. ಓನರಿಗೆ ಹೇಳಿದೆ. ಅವರು ಒಂದು ಮಾರು ಹಿಂದೆ ಸರಿದರು. "ಇವತ್ತೇ ಕಳಿಸಿ ಅಜ್ಜಿ" ಎಂದರು. ಎಲ್ಲಿಗೆ ಕಳಿಸಲಿ? ನನ್ನ ಗೂಡಿನಲ್ಲಿ ಚಾಪೆ ಹಾಸಿಕೊಟ್ಟೆ. ಮೆಟ್ಟಿಲ ಕೆಳಗೆ ಗೋಡೆ ಇಲ್ಲ, ಗೇಟಿನ ಗಾಳಿ ನೇರ ಬರುತ್ತದೆ. ಅಷ್ಟರ ಮಟ್ಟಿಗೆ ಹಾಲ್‌ಗಿಂತ ಮೇಲು.

ಎರಡು ದಿನ ಬಿಟ್ಟು ಬೆಳಗ್ಗೆ ಓನರು ನಾನು ಚಪಾತಿ ಲಟ್ಟಿಸುವಲ್ಲಿಗೇ ಬಂದರು. ಆಸ್ಪತ್ರೆಯಿಂದ ಒಬ್ಬ ಸಿಸ್ಟರು ಬರುತ್ತಿದ್ದಾರೆ, ರೋಗಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದವರಿಗೆಲ್ಲ ಪರೀಕ್ಷೆ ಮಾಡಿಸುತ್ತಾರಂತೆ. "ಆ ಹುಡುಗಿ ನಿಮ್ಮ ನೆಂಟಳು ಅನ್ನಿ. ಊರಿಂದ ಬಂದಿದ್ದಳು, ನಿಮ್ಮ ಜೊತೆ ಮೆಟ್ಟಿಲ ಕೆಳಗೇ ಮಲಗ್ತಿದ್ದಳು. ಹಾಲ್‌ಗೆ ಹೋಗೇ ಇಲ್ಲ. ಆಯ್ತಾ?"

"ಈಗ ಮಲಗ್ತಿರೋದು ಅಲ್ಲೇ, ಅದು ನಿಜ."

"ನೋಡಿ, ಸುಳ್ಳೂ ಹೇಳಿದ ಹಾಗಾಗಲಿಲ್ಲ" ಎಂದು ಓನರು ಹೋದರು.

ಅವರು ಹೋದ ಮೇಲೆ ಬಿಲ್ಲಿನ ಹುಡುಗಿ ಅಡುಗೆಮನೆಗೆ ಬಂದಳು. ಅವಳಿಗೂ ವಿಷಯ ಗೊತ್ತಾಗಿತ್ತು. ನಗುವಿಲ್ಲದ ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಅಜ್ಜಿ, ಕೈ ಮುಗೀತೀನಿ. ಏಳು ಅಂತ ಮಾತ್ರ ಅನ್ಬೇಡಿ. ನಾವು ನಾಲ್ಕು ಜನ ಬೀದಿಗೆ ಬೀಳ್ತೀವಿ. ಅಂಗಡಿಗೆ ನಡ್ಕೊಂಡು ಹೋಗೋ ಅಷ್ಟು ಹತ್ರ ಇನ್ನೆಲ್ಲಿ ಸಿಗುತ್ತೆ ನಂಗೆ?"

"ನಿಂಗೆ ಕೆಮ್ಮು ಇದೆಯೇನೇ?"

"ಇಲ್ಲ. ಒಂದು ಸೀನೂ ಇಲ್ಲ. ಎಲ್ಲರೂ ಗಟ್ಟಿಯಾಗಿದೀವಿ."

"ಸರಿ ಹೋಗು. ಕೆಲಸಕ್ಕೆ ಹೊತ್ತಾಯ್ತು" ಎಂದೆ. ಮೂರೇ ಎನ್ನುವುದೆಂದು ನಾನೂ ತೀರ್ಮಾನ ಮಾಡಿದ್ದೆ. ನನ್ನ ಗೂಡೂ ಇದ್ದದ್ದು ಆ ಓನರ ಮೆಟ್ಟಿಲ ಕೆಳಗೇ.

ಸಿಸ್ಟರು ಹನ್ನೊಂದು ಗಂಟೆಗೆ ಬಂದರು. ಬಿಸಿಲಿನಲ್ಲಿ ನಡೆದು ಬಂದಿದ್ದರು, ನೀರು ಕೇಳಿ ಕುಡಿದರು. ಓನರು ಪಕ್ಕದಲ್ಲಿ ನಿಂತು ತಾವೇ ಎಲ್ಲ ಹೇಳಿದರು. ನೆಂಟಳು, ಊರು, ಮೆಟ್ಟಿಲ ಕೆಳಗೆ. ನಾನು ತಲೆ ಆಡಿಸಿದೆ. ಸಿಸ್ಟರು ನನ್ನ ಹೆಸರು, ವಯಸ್ಸು ಬರೆದುಕೊಂಡರು. ಚೀಲದಿಂದ ಒಂದು ಡಬ್ಬಿ ತೆಗೆದು ಅದರ ಮೇಲೆ ಚೀಟಿ ಅಂಟಿಸಿ ನನ್ನ ಕೈಗೆ ಕೊಟ್ಟರು. "ಬೆಳಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಿಂದ ಕಫ ತೆಗೆದು ಇದಕ್ಕೆ ಉಗೀಬೇಕು. ಎಂಜಲು ಆಗಲ್ಲ ಅಜ್ಜಿ, ಕಫವೇ ಆಗಬೇಕು. ಕೆಮ್ಮು ಶುರುವಾಗೋವರೆಗೂ ಕೆಲವರಿಗೆ ಗೊತ್ತೇ ಆಗಲ್ಲ, ಒಳಗೇ ಇರುತ್ತೆ. ಗಟ್ಟಿಯಾಗೇ ಕಾಣ್ತಾರೆ."

ಚೀಲದ ಬಾಯಿ ತೆರೆದೇ ಇತ್ತು. ಒಳಗೆ ಡಬ್ಬಿಗಳ ಒಂದು ಸಾಲೇ ಇತ್ತು. ನನಗೆ ಕೊಟ್ಟದ್ದು ಒಂದು. ಸಿಸ್ಟರು ಚೀಲದ ಜಿಪ್ಪು ಎಳೆಯಲು ಶುರುಮಾಡಿದರು.

ಏಳು ಜನರನ್ನು ಅಲ್ಲಿ ಹಿಡಿಸಿದ್ದು ಓನರಲ್ಲ. ಓನರು ಕೇಳಿದ್ದು, ಹಿಡಿಸಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನೇ, ತೆರೆದ ಮೇಲೆ ಎರಡನೆಯ ಸಲ ಮುಚ್ಚಿಸಿದ್ದೂ ನಾನೇ.

"ಒಂದು ಸಾಕಾಗಲ್ಲ ಸಿಸ್ಟರ್" ಎಂದೆ. "ಇನ್ನೂ ಆರು ಕೊಡಿ."

ಓನರು ಕೆಮ್ಮಿದರು. ಅವರಿಗೆ ಕ್ಷಯ ಇರಲಿಲ್ಲ.

ಸಿಸ್ಟರು ಅವರನ್ನೂ ನನ್ನನ್ನೂ ನೋಡಿದರು. "ಎಲ್ಲಿ ಮಲಗ್ತಾರೆ ಆರು ಜನ?" ಎಂದರು. ನಾನು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಬೀರುವನ್ನೂ ತೋರಿಸಿದೆ. ಮೆಟ್ಟಿಲಿಳಿಯುವಾಗ ಅವರು ಮೆಲ್ಲಗೆ, "ನಾನು ಹೋಗಿ ಯಾರಿಗೂ ದೂರು ಕೊಡಲ್ಲ ಅಜ್ಜಿ. ಆದ್ರೆ ನನ್ನ ಪುಸ್ತಕದಲ್ಲಿ ಹಾಲ್‌ನಲ್ಲಿ ಏಳು ಜನ ಅಂತ ಬರೀಲೇಬೇಕು" ಎಂದರು. ಬರೆದರು.

ಆ ಸಂಜೆ ಡಬ್ಬಿ ಹಂಚಿದವಳು ನಾನೇ. ಬಿಲ್ಲಿನ ಹುಡುಗಿ ತೆಗೆದುಕೊಳ್ಳಲಿಲ್ಲ. ನಾನು ಅವಳ ದಿಂಬಿನ ಮೇಲೆ ಇಟ್ಟೆ. ಬೆಳಗ್ಗೆ ತುಂಬಿಸಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿ ಹೋದಳು. ಅಡುಗೆಮನೆಯಲ್ಲಿ ಯಾಕೆ ಇಟ್ಟೆಯೇ ಎಂದು ಬೈಯಲು ನನಗೆ ಬಾಯಿ ಇರಲಿಲ್ಲ.

ಆರರಲ್ಲಿ ಐವರಿಗೆ ಏನೂ ಇರಲಿಲ್ಲ. ನನಗೂ ಇರಲಿಲ್ಲ. ಇದ್ದದ್ದು ಬಿಲ್ಲಿನ ಹುಡುಗಿಗೆ. ಒಂದು ಸೀನೂ ಇಲ್ಲ ಎಂದಿದ್ದಳಲ್ಲ, ಅವಳಿಗೆ.

ಮುಂದಿನ ವಾರ ಅಳತೆಯ ಅಧಿಕಾರಿ ಹೇಳದೆ ಕೇಳದೆ ಬಂದರು. ಆ ಪುಸ್ತಕ ಈ ಪುಸ್ತಕ ಎಲ್ಲೋ ಒಂದು ಮೇಜಿನ ಮೇಲೆ ಕೂಡಿರಬೇಕು. ಈ ಸಲ ಯಂತ್ರ ತಂದಿರಲಿಲ್ಲ. ಬಾಗಿಲಲ್ಲೇ ನಿಂತು ಬೆರಳು ಮಡಿಸಿ ಮಂಚ ಎಣಿಸಿದರು.

"ಆವತ್ತು ಮೂರು ಇತ್ತಲ್ಲ ಅಜ್ಜಿ?"

"ನೀವು ಬಂದಾಗ ಮೂರೇ ಇತ್ತು ಸ್ವಾಮಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನೋಟಿಸು ಕೊಟ್ಟರು, ಹಾಲ್‌ನಲ್ಲಿ ಮೂವರೇ ಇರಬೇಕು ಎಂದು. ಮಂಚ ಎಣಿಸಿದರು. ಆ ಮಂಚದ ಮೇಲಿದ್ದವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವ ಜಾಗ ಅವರ ಕಾಗದದಲ್ಲಿ ಇರಲಿಲ್ಲ. ನಾಲ್ಕು ಮಂಚ ಮತ್ತೆ ಟೆರೇಸಿಗೆ ಹೋದವು, ಈ ಸಲ ಮೇಲೆ ಸೀರೆ ಹಾಕುವ ಕೆಲಸ ಇರಲಿಲ್ಲ.

ಹೊರಡುವ ದಿನ ಬಿಲ್ಲಿನ ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಗೂಡಿನ ಮುಂದೆ ನಿಂತಳು.

"ನೀವು ನನ್ನ ಜೀವ ಉಳಿಸಿದ್ರಿ ಅಂತ ಸಿಸ್ಟರ್ ಹೇಳಿದ್ರು ಅಜ್ಜಿ. ಉಳಿದ ಜೀವಾನ ಈಗ ಎಲ್ಲಿ ಇಟ್ಕೊಳ್ಳಲಿ? ಅದನ್ನೂ ನೀವೇ ಹೇಳಿ."

ಬುತ್ತಿ ಕಟ್ಟಿಕೊಟ್ಟೆ. ತೆಗೆದುಕೊಂಡಳು, ಹಸಿವಿನ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ಗದಗದವಳೂ ಅವಳ ಜೊತೆಗೇ ಹೋದಳು. ಹಾಲ್‌ನಲ್ಲಿ ಅಕ್ಕಪಕ್ಕ ಮಲಗಿದವರು, ಮಾತ್ರೆಯೂ ಒಂದೇ.

ಮರುದಿನ ಓನರು ನನ್ನನ್ನು ಕರೆದರು. "ಹನ್ನೆರಡು ವರ್ಷ ಅನ್ನ ಹಾಕಿದ್ದೀನಿ ಅಜ್ಜಿ ನಿಮಗೆ."

"ಬೇಯಿಸಿದ್ದು ನಾನು ಕಣಪ್ಪ" ಎಂದೆ. ಗಂಟು ಮೊದಲೇ ಕಟ್ಟಿದ್ದೆ.

ಕುರುಬರಹಳ್ಳಿಯಲ್ಲಿ ತಂಗಿಯ ಮಗಳ ಮನೆಯಲ್ಲಿ ಒಂದು ತಿಂಗಳು ಕೂತೆ. ಅವರದೂ ಒಂದೂವರೆ ಕೋಣೆ, ಐದು ಜನ. ನಾನು ಹೋಗಿ ಆರಾದೆ. ಹಗಲೆಲ್ಲ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದೆ. ಒಂದು ದಿನ ಬಿಲ್ಲಿನ ಹುಡುಗಿಯ ಫೋನು ಬಂತು.

"ಅಜ್ಜಿ, ಬ್ಯಾಡರಹಳ್ಳಿಯಲ್ಲಿ ಇದೀವಿ. ಇಲ್ಲಿ ಅಡುಗೆಯೋಳು ಬಿಟ್ಟು ಹೋದ್ಲು. ಬರ್ತೀರಾ?"

"ನನ್ನ ಮೇಲೆ ಸಿಟ್ಟಿಲ್ವೇನೇ?"

"ಇದೆ. ಆದ್ರೆ ಸಾರು ಚೆನ್ನಾಗಿ ಮಾಡ್ತೀರಲ್ಲ."

ಹೋದೆ. ಮಾಗಡಿ ರಸ್ತೆಯ ಆಚೆ, ಇನ್ನೂ ಸಿಮೆಂಟು ಬಳಿಯದ ಮನೆ. ಬೋರ್ಡಿಲ್ಲ, ರಿಜಿಸ್ಟರಿಲ್ಲ, ಅಳೆಯಲು ಬರುವವರೂ ಇಲ್ಲ. ಅಂಗಡಿಗೆ ಹೋಗಲು ಅವಳಿಗೆ ಈಗ ಎರಡು ಬಸ್ಸು. ಇಬ್ಬರಿಗೂ ಕೆಮ್ಮು ನಿಂತಿತ್ತು, ಇನ್ನು ಬೇರೆಯವರಿಗೆ ಅಂಟುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೂ ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮತ್ತೆ ಬ್ಯಾಗು ಹೆಗಲಿಗೆ. ಮಾತ್ರೆಗಳನ್ನು ನನ್ನ ಸಾಸಿವೆ ಡಬ್ಬದ ಪಕ್ಕ ಇಟ್ಟುಕೊಂಡೆ. ಬೆಳಗ್ಗೆ ತಿಂಡಿಯ ತಟ್ಟೆಯ ಅಂಚಿನಲ್ಲಿ ಇಟ್ಟು ಕೊಡುತ್ತೇನೆ, ನನ್ನ ಎದುರಿಗೇ ನುಂಗುತ್ತಾರೆ.

ಆ ಮನೆಯ ಓನರು ಹೆಂಗಸು. ನನ್ನ ಹಳೆಯ ಕೆಲಸದ ವಿಷಯ ಹೇಗೋ ಕಿವಿಗೆ ಬಿದ್ದಿತ್ತು. ಒಂದು ವಾರಕ್ಕೆ ಎರಡಂತಸ್ತಿನ ಕಬ್ಬಿಣದ ಮಂಚಗಳು ಬಂದವು, ಮೇಲೊಬ್ಬರು ಕೆಳಗೊಬ್ಬರು ಮಲಗುವಂಥವು. ನಾಲ್ಕು ಜೋಡಿ. ಆ ಇಬ್ಬರು ಹುಡುಗಿಯರಿದ್ದ ಕೋಣೆಯನ್ನು ತೋರಿಸಿ, "ಅಜ್ಜಿ, ನಾಲ್ಕೂ ಹಾಕಿಸಿಬಿಡಿ. ಎಂಟು ಜನ ಆಗ್ತಾರೆ" ಎಂದರು.

ಹದಿನಾಲ್ಕಡಿ ಉದ್ದ, ಹತ್ತಡಿ ಅಗಲ. ಈಗ ನನಗೆ ಅಡಿ ಬರುತ್ತದೆ. ಅಧಿಕಾರಿಯ ಲೆಕ್ಕಕ್ಕೆ ಎರಡು ಸೀರೆ, ಇಬ್ಬರು. ಒಂದು ಗೋಡೆಗೆ ಎರಡು ಜೋಡಿ, ಎದುರು ಗೋಡೆಗೆ, ಬಾಗಿಲು ಬಿಟ್ಟು, ಒಂದು. ನಾಲ್ಕನೆಯದು ಹಿಂದಿನ ಗೋಡೆಗೆ ಸರಿಯಾಗಿ ಕೂರುತ್ತಿತ್ತು. ಅಳೆಯುವುದೇ ಬೇಕಿರಲಿಲ್ಲ, ಕಣ್ಣಲ್ಲೇ ಕಂಡಿತು. ಆ ಗೋಡೆಯಲ್ಲಿ ಕಿಟಕಿ ಇತ್ತು.

ಇಬ್ಬರೇ ಇರಲಿ ಎಂದರೆ ಆಕೆ ನಗುತ್ತಾಳೆ. ನಕ್ಕು ಬೇರೆ ಅಡುಗೆಯವಳನ್ನು ತರುತ್ತಾಳೆ, ಅವಳು ಎಂಟೂ ಹಿಡಿಸುತ್ತಾಳೆ.

ಆದರೂ ಮೊಳ ಹಾಕಿದೆ, ಗೇಣು ಹಾಕಿದೆ. ಎರಡು ಸಲ ಹಾಕಿದೆ, ಆಕೆ ನೋಡಲಿ ಎಂದು.

"ಆರೇ ಕಣಮ್ಮ" ಎಂದೆ. "ನಾಲ್ಕನೆಯ ಜೋಡಿ ಹಿಡಿಸಲ್ಲ."

"ಅಲ್ಲಿ ಜಾಗ ಕಾಣ್ತಾ ಇದೆಯಲ್ಲ ಅಜ್ಜಿ?"

"ಕಾಣುತ್ತೆ. ಹಿಡಿಸಲ್ಲ. ಹನ್ನೆರಡು ವರ್ಷ ಮಂಚ ಹಾಕಿದ್ದೀನಿ, ನನಗೆ ಗೊತ್ತಿಲ್ವ?"

ಆಕೆ ನಂಬಿದಳು. ನಾಲ್ಕನೆಯ ಜೋಡಿ ಮಂಚ ಟೆರೇಸಿನಲ್ಲಿ ತುಕ್ಕು ಹಿಡಿಯುತ್ತಿದೆ. ಇಬ್ಬರಿರಬೇಕಾದ ಕೋಣೆಯಲ್ಲಿ ಆರು ಜನ ಮಲಗುತ್ತಾರೆ. ಬೆಳಗ್ಗೆ ತಿಂಡಿಗೆ ಕರೆಯಲು ಹೋದಾಗ ಗದಗದವಳು ಎದ್ದು ಮೊದಲು ಕಿಟಕಿಯ ಚಿಲಕ ಎಳೆಯುತ್ತಾಳೆ, ಆಮೇಲೆ ಬಂದು ಮಾತ್ರೆಗೆ ಕೈ ಚಾಚುತ್ತಾಳೆ.